ಹತ್ತು ಮೈಲಿ ಮೇಲಿನ ಗಾಳಿ, ದೂರದ ಸಮುದ್ರ, ನಮ್ಮ ಕಣಕಿ ಬಣವೆ



ಆರಿದ್ರಾ, ಪುನರ್ವಸು ಮಳೆಗಳ ದಿನಗಳಲ್ಲಿ ಒಮ್ಮೆ ಹೊಲದ ಬದುವಿನ ಮೇಲೆ ನಿಂತು ಆಕಾಶವನ್ನು ಐದು ನಿಮಿಷ ಗಮನಿಸಿರಿ. ಕೆಳಗಿನ ಕಪ್ಪು ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಸೊಲ್ಲಾಪುರದ ಕಡೆಯಿಂದ ಸೇಡಂ ಕಡೆಗೆ ಓಡುತ್ತಿರುತ್ತವೆ. ಅವುಗಳ ನಡುವೆ ತೆರಪು ಬಿದ್ದ ಜಾಗದಲ್ಲಿ, ಬಹಳ ಎತ್ತರದಲ್ಲಿ, ಹಿಂಜಿದ ಅರಳೆಯಂತಹ ತೆಳು ಬಿಳಿ ಮೋಡ ಕಂಡರೆ ಅದು ಎತ್ತ ಸಾಗುತ್ತಿದೆ ನೋಡಿರಿ. ಸಾಮಾನ್ಯವಾಗಿ ಅದು ಪೂರ್ವದಿಂದ ಪಶ್ಚಿಮಕ್ಕೆ, ಕೆಳಗಿನ ಮೋಡಕ್ಕೆ ತದ್ವಿರುದ್ಧ ದಿಕ್ಕಿಗೆ ಹೋಗುತ್ತಿರುತ್ತದೆ. ದೂರದಿಂದಾಗಿ ನಿಧಾನವೆಂದು ತೋರಿದರೂ ಅದನ್ನು ಒಯ್ಯುವ ಗಾಳಿಯ ವೇಗ ಎಷ್ಟೋ ದಿನ ಗಂಟೆಗೆ 100 ಕಿ.ಮೀ. ಮೀರಿರುತ್ತದೆ.

ಸಂಘಕ್ಕೆ ಹಾಲು ಹಾಕಲು ಬಂದವರು ಬೇಸಿಗೆ ಬಂತೆಂದರೆ ಕೇಳುವ ಪ್ರಶ್ನೆ ಒಂದೇ. "ಸಾಹೇಬ್ರ, ಈ ಸಲ ಎಲ್ ನಿನೊ ಅದ ಅಂತ ಪೇಪರ್‌ದಾಗ ಬಂದದ. ಮಳಿ ಆಗ್ತದೋ ಇಲ್ಲೋ? ಒಂದೆಮ್ಮಿ ಮಾರಿಬಿಡ್ಲೇನ್ರಿ?" ಪ್ರಶ್ನೆ ಸಣ್ಣದು, ಆದರೆ ಅದರ ಮೇಲೆ ಒಂದು ಮನೆಯ ವರ್ಷದ ಆದಾಯ ನಿಂತಿದೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬಾರದು. ಏಕೆ ಬಾರದು ಎಂಬುದನ್ನು ತಿಳಿಯಬೇಕಾದರೆ, ಎರಡು ದಿಕ್ಕಿಗೆ ಓಡುವ ಆ ಮೋಡಗಳಿಂದ ಆರಂಭಿಸಿ ಆಫ್ರಿಕದ ಕರಾವಳಿಯವರೆಗೆ, ಅಲ್ಲಿಂದ ಪೆಸಿಫಿಕ್ ಸಾಗರದವರೆಗೆ ಹೋಗಿ ಬರಬೇಕಾಗುತ್ತದೆ.

ಮೇಲಿನ ಗಾಳಿ

ನಮ್ಮ ತಲೆಯ ಮೇಲಿನ ವಾಯುಮಂಡಲ ಒಂದೇ ಪದರವಲ್ಲ. ಮಳೆ, ಮೋಡ, ಗುಡುಗು, ಬಿರುಗಾಳಿ ಎಲ್ಲವೂ ನಮ್ಮ ಭಾಗದಲ್ಲಿ ಸುಮಾರು 16–17 ಕಿ.ಮೀ. ಎತ್ತರದೊಳಗೇ ನಡೆಯುತ್ತವೆ. ಅದರ ಮೇಲೆ ಸುಮಾರು 50 ಕಿ.ಮೀ. ತನಕ ಇನ್ನೊಂದು ಪದರವಿದೆ. ಓಜೋನ್ ಇರುವುದು ಅಲ್ಲಿ. ಅಲ್ಲಿ ನಮಗೆ ಪರಿಚಿತವಾದ ಮಳೆಮೋಡವಿಲ್ಲ, ಗಾಳಿ ಮಾತ್ರ ಇದೆ. ಈ ಎರಡು ಪದರಗಳು ಕೂಡುವ ಗಡಿಯ ಹತ್ತಿರ, 14ರಿಂದ 16 ಕಿ.ಮೀ. ಎತ್ತರದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲಿಂದ ಆಫ್ರಿಕದ ಕಡೆಗೆ ಒಂದು ಗಾಳಿಹೊಳೆ ಹರಿಯುತ್ತದೆ. ಹೊರಗಿನ ಉಷ್ಣಾಂಶ ಅಲ್ಲಿ ಸೊನ್ನೆಗಿಂತ 70 ಡಿಗ್ರಿಗೂ ಕೆಳಗೆ. ಭಾರತದ ಹವಾಮಾನ ತಜ್ಞ ಪಿ. ಕೋಟೇಶ್ವರಂ ಅವರು 1958ರಲ್ಲಿ ಇದನ್ನು ವಿವರವಾಗಿ ಬರೆದು ಜಗತ್ತಿಗೆ ತಿಳಿಸಿದರು. ಉಷ್ಣವಲಯದ ಪೂರ್ವ ಗಾಳಿಹೊಳೆ ಎಂದು ಇದನ್ನು ಕರೆಯಬಹುದು. ಆ ಅರಳೆ ಮೋಡವನ್ನು ಪಶ್ಚಿಮಕ್ಕೆ ಎಳೆದೊಯ್ಯುವುದು ಇದೇ.

ಅಷ್ಟು ಮೇಲಿನ ಗಾಳಿ ಅಳೆಯುವುದು ಹೇಗೆ ಎಂದು ಕೇಳಬಹುದು. ಹೈದರಾಬಾದ್, ಗೋವಾ, ಬೆಂಗಳೂರು ಮುಂತಾದ ಕೇಂದ್ರಗಳಿಂದ ಸಣ್ಣ ಉಪಕರಣ ಕಟ್ಟಿದ ಬಲೂನನ್ನು ಬಿಡುತ್ತಾರೆ. ಜಗತ್ತಿನಾದ್ಯಂತ ಇದಕ್ಕೆ ಗೊತ್ತುಮಾಡಿದ ವೇಳೆ ನಮ್ಮ ಗಡಿಯಾರದಲ್ಲಿ ಬೆಳಗಿನ 5-30 ಮತ್ತು ಸಂಜೆಯ 5-30. ಅಂದರೆ ಹೆಚ್ಚುಕಡಿಮೆ ನೀವು ಹಾಲು ಕರೆಯುವ ಹೊತ್ತಿಗೆ. ಬಲೂನು 30 ಕಿ.ಮೀ. ಆಸುಪಾಸಿಗೆ ಏರಿ ಒಡೆಯುವವರೆಗೂ ಉಷ್ಣಾಂಶ, ತೇವಾಂಶ, ಗಾಳಿಯ ದಿಕ್ಕು ಇವನ್ನು ರೇಡಿಯೋ ಮೂಲಕ ಕಳುಹಿಸುತ್ತಿರುತ್ತದೆ. ಇದಲ್ಲದೆ ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದ್ದು, ಅಲ್ಲಿಂದ ದೊಡ್ಡ ಪ್ಲಾಸ್ಟಿಕ್ ಬಲೂನುಗಳನ್ನು ಮೇಲಿನ ಪದರಕ್ಕೆ ಹಾರಿಸುತ್ತಾರೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಂದು ಇಳಿದು ಊರವರನ್ನು ಗಾಬರಿಗೊಳಿಸಿದ್ದು ಅಂತಹ ಒಂದು ಬಲೂನು. ನಿಮ್ಮ ಹೊಲದಲ್ಲಿ ಇಂಥದ್ದು ಬಿದ್ದರೆ ಬಿಚ್ಚಲು ಹೋಗದೆ ಪೊಲೀಸ್ ಠಾಣೆಗೆ ತಿಳಿಸುವುದು ಒಳ್ಳೆಯದು.

ಈ ಗಾಳಿಹೊಳೆ ಹುಟ್ಟುವುದು ಟಿಬೆಟ್ಟಿನ ಪ್ರಸ್ಥಭೂಮಿಯಿಂದ. ಸಮುದ್ರ ಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಆ ನೆಲ ಬೇಸಿಗೆಯಲ್ಲಿ ಕಾದಾಗ, ಗಾಳಿಯನ್ನು ನಡುಮಧ್ಯದಲ್ಲೇ ಒಲೆಯಿಟ್ಟು ಕಾಯಿಸಿದಂತಾಗುತ್ತದೆ. ಭಾರತದ ಮೇಲಿನ ಮಳೆಮೋಡಗಳು ಬಿಡುವ ಶಾಖವೂ ಅದಕ್ಕೆ ಸೇರುತ್ತದೆ. ಕಾದ ಗಾಳಿ ಏರಿ, ಮೇಲೆ ಗುಡ್ಡೆಯಾಗಿ, ದಕ್ಷಿಣಕ್ಕೆ ಹರಿಯತೊಡಗುತ್ತದೆ. ಭೂಮಿ ತಿರುಗುವುದರಿಂದ ಅದು ಬಲಕ್ಕೆ ಬಾಗಿ ಪಶ್ಚಿಮದ ದಾರಿ ಹಿಡಿಯುತ್ತದೆ. ಮೇಲೆ ಹರಿದುಹೋದ ಗಾಳಿ ಸಮಭಾಜಕ ವೃತ್ತದ ಆಚೆ, ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಕೆಳಗಿಳಿಯುತ್ತದೆ. ಇಳಿದದ್ದು ಸಮುದ್ರದ ಮೈಮೇಲೆ ವಾಪಸು ಉತ್ತರಕ್ಕೆ ಹೊರಟು, ಕೀನ್ಯಾ ಮತ್ತು ಸೊಮಾಲಿಯಾ ಕರಾವಳಿಯ ಬಳಿ ಸಮಭಾಜಕ ವೃತ್ತವನ್ನು ದಾಟಿ, ಅಲ್ಲಿ ಬಲಕ್ಕೆ ತಿರುಗಿ, ಅರಬ್ಬಿ ಸಮುದ್ರದ ಮೇಲೆ ನೈಋತ್ಯ ಮಾರುತವಾಗಿ ನಮ್ಮ ಕಡೆ ಬರುತ್ತದೆ. ಮಜ್ಜಿಗೆ ಕಡೆಯುವ ಹಗ್ಗದಂತೆ ಇದು. ಒಂದು ಕೈ ಎಳೆದರೆ ಇನ್ನೊಂದು ಕೈ ಹಗ್ಗ ಬಿಡಲೇಬೇಕು. ಮೇಲಿನ ಎಳೆತ ಸಡಿಲವಾದ ವರ್ಷ ಕೆಳಗಿನ ಮಾರುತವೂ ಬಿಗಿಯಾಗಿರುವುದಿಲ್ಲ.

ಗಾಳಿ ಸಮುದ್ರವನ್ನು ನಡೆಸುವ ಬಗೆ

ಸೊಮಾಲಿಯಾ ದಾಟಿ ಬರುವ ಆ ಕೆಳಗಿನ ಗಾಳಿ ಕೇವಲ ಒಂದೂವರೆ ಕಿ.ಮೀ. ಎತ್ತರದಲ್ಲಿ ಬಹು ಬಿರುಸಾಗಿ ಬೀಸುತ್ತದೆ. ಅದು ಸಮುದ್ರದ ಮೇಲೆ ಸುಮ್ಮನೆ ಹಾದುಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸೊಮಾಲಿಯಾದ ಕರಾವಳಿಯ ಪ್ರವಾಹ ಚಳಿಗಾಲದಲ್ಲಿ ದಕ್ಷಿಣಕ್ಕೆ ಹರಿಯುತ್ತಿದ್ದದ್ದು ಮುಂಗಾರಿನಲ್ಲಿ ಪೂರ್ತಿ ತಿರುಗಿ ಉತ್ತರಕ್ಕೆ ಹರಿಯುತ್ತದೆ. ಇಷ್ಟು ದೊಡ್ಡ ಸಮುದ್ರ ಪ್ರವಾಹವೊಂದು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುವುದು ಜಗತ್ತಿನಲ್ಲಿ ಅಪರೂಪ. ದಡದ ಬಳಿಯ ಮೇಲ್ನೀರನ್ನು ಗಾಳಿ ಆಚೆ ತಳ್ಳಿದಾಗ ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿನ ನೀರು ಕೆಲವೆಡೆ 20 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಸಮಭಾಜಕ ವೃತ್ತದ ಹತ್ತಿರದ ಸಮುದ್ರಕ್ಕೆ ಇದು ಬಹಳ ತಂಪು.

ಬಂಗಾಳ ಕೊಲ್ಲಿಯ ಕಥೆಯೇ ಬೇರೆ. ಗಂಗಾ, ಬ್ರಹ್ಮಪುತ್ರ, ಇರಾವತಿ ನದಿಗಳು ತಂದು ಸುರಿಯುವ ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಲಿನ ಮೇಲೆ ಕೆನೆ ನಿಂತಂತೆ ಅದು ಮೇಲೆಯೇ ನಿಲ್ಲುತ್ತದೆ. ಗಾಳಿ ಎಷ್ಟು ಕಡೆದರೂ ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬಂದು ಬೆರೆಯುವುದಿಲ್ಲ. ಆದ್ದರಿಂದ ಕೊಲ್ಲಿಯ ಮೇಲ್ನೀರು ಮಳೆಗಾಲದುದ್ದಕ್ಕೂ 28 ಡಿಗ್ರಿಯ ಆಸುಪಾಸು ಅಥವಾ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಈ 28 ಎಂಬ ಅಂಕಿಗೆ ಒಂದು ಮಹತ್ವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ತಮ್ಮ ಸಂಗಡಿಗರೊಂದಿಗೆ 1984ರಲ್ಲಿ ತೋರಿಸಿದಂತೆ, ಸಮುದ್ರದ ಮೈ ಸುಮಾರು 28 ಡಿಗ್ರಿ ದಾಟಿದ ಕಡೆ ಎತ್ತರದ ಮಳೆಮೋಡ ಏಳುವ ಸಂಭವ ಒಮ್ಮೆಲೇ ಹೆಚ್ಚುತ್ತದೆ. ಅದಕ್ಕಿಂತ ತಂಪಾದ ಕಡೆ ಅಂತಹ ಮೋಡ ಏಳುವುದು ವಿರಳ. ಇದೇ ಗಾಡ್ಗೀಳ್ ಅವರು ಮುಂದೆ ಪಾವಗಡ ಭಾಗದ ಶೇಂಗಾ ಬೆಳೆಗಾರರ ಜೊತೆ ಕೂತು, ಮಳೆಯ ಲೆಕ್ಕದ ಮೇಲೆ ಬಿತ್ತನೆಯ ದಿನವನ್ನು ಗೊತ್ತುಮಾಡುವ ಕೆಲಸವನ್ನೂ ಮಾಡಿದರು.

ನಮಗೆ ನೀರು ಬರುವ ಎರಡು ದಾರಿ

ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬಂದ ಮಾರುತ ಸಹ್ಯಾದ್ರಿಗೆ ಬಡಿದು ಅಲ್ಲೇ ಬಹುಪಾಲು ಸುರಿದುಬಿಡುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವ ಹೊತ್ತಿಗೆ ಅದು ಹಿಂಡಿದ ಹಸುವಿನಂತೆ. ಘಟ್ಟದ ಮೇಲೆ ಸಾವಿರಾರು ಮಿಲಿಮೀಟರ್ ಮಳೆಯಾದರೆ ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವುದು 700–800 ಮಿ.ಮೀ. ಆಸುಪಾಸು. ಹಾಗಾದರೆ ಅರಬ್ಬಿ ಸಮುದ್ರದ ಮಳೆ ನಮಗಿಲ್ಲವೆ? ಇದೆ, ಆದರೆ ಅದು ಮೋಡದಲ್ಲಿ ಬರುವುದಕ್ಕಿಂತ ಹೊಳೆಯಲ್ಲಿ ಬರುತ್ತದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಬಿದ್ದ ನೀರು ಉಜನಿ ಜಲಾಶಯ ದಾಟಿ ಅಫಜಲಪುರದ ಸೊನ್ನ ಬ್ಯಾರೇಜಿಗೆ, ಅಲ್ಲಿಂದ ಜೇವರ್ಗಿಯ ದಂಡೆಗೆ ಭೀಮಾ ನದಿಯಾಗಿ ಬರುತ್ತದೆ. ಹೊಳೆದಂಡೆಯ ಹಸಿ ಮೇವು ನಿಂತಿರುವುದು ಈ ದೂರದ ಮಳೆಯ ಮೇಲೆ.

ಆಳಂದದವರಿಗೆ ಆ ಅನುಕೂಲ ಅಷ್ಟಾಗಿ ಇಲ್ಲ. ಅಲ್ಲಿನ ಅಮರ್ಜಾ ನದಿ ಆಳಂದದ ನೆಲದ ಮೇಲೆಯೇ ಬಿದ್ದ ಮಳೆಯನ್ನು ಕೂಡಿಸಿಕೊಂಡು ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಆ ಮಳೆ, ಹಾಗೆಯೇ ಜೇವರ್ಗಿಯ ಎರೆಭೂಮಿಯ ಹಿಂಗಾರಿ ಜೋಳಕ್ಕೆ ಬೇಕಾದ ಉತ್ತರಾ, ಹಸ್ತಾ ಮಳೆಗಳು ಹೆಚ್ಚಾಗಿ ಬರುವುದು ಪೂರ್ವದಿಂದ. ಬೆಚ್ಚಗಿನ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆದ್ದು, ತೆಲಂಗಾಣ ದಾಟಿ ಪಶ್ಚಿಮಕ್ಕೆ ಸಾಗಿದಾಗ ನಮಗೆ ಒಳ್ಳೆಯ ಮಳೆ. ಹೀಗೆ ಒಂದೇ ಜಿಲ್ಲೆಯ ಮೂರು ತಾಲ್ಲೂಕುಗಳು ಎರಡು ಸಮುದ್ರಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಋಣಿಯಾಗಿವೆ. ರೇಡಿಯೋದಲ್ಲಿ "ಕರಾವಳಿಯಲ್ಲಿ ಭಾರಿ ಮಳೆ" ಎಂದು ಕೇಳಿ ಅಫಜಲಪುರದವರು ಹೊಳೆಯ ಕಡೆ ನೋಡಬೇಕು. ಆಳಂದದವರು ವಿಶಾಖಪಟ್ಟಣ, ಕಾಕಿನಾಡಗಳ ಸುದ್ದಿಗೆ ಕಿವಿಗೊಡಬೇಕು.

2020ರ ಅಕ್ಟೋಬರ್‌ನಲ್ಲಿ ಎರಡೂ ದಾರಿಗಳು ಒಟ್ಟಿಗೆ ತೆರೆದುಕೊಂಡವು. ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿ, ಹೈದರಾಬಾದನ್ನು ಮುಳುಗಿಸಿ, ನಮ್ಮ ಜಿಲ್ಲೆಯ ಮೇಲೆ ಸುರಿದು, ಮಹಾರಾಷ್ಟ್ರಕ್ಕೆ ಹೋಯಿತು. ಅಲ್ಲಿನ ತುಂಬಿದ ಜಲಾಶಯಗಳಿಂದ ಬಿಟ್ಟ ನೀರು ಮರಳಿ ಭೀಮೆಯಲ್ಲಿ ನಮ್ಮ ಮೇಲೆಯೇ ಬಂತು. ದಂಡೆಯ ಹಳ್ಳಿಗಳಲ್ಲಿ ಬಣವೆಗಳು ತೇಲಿಹೋದದ್ದು ಹಲವರಿಗೆ ನೆನಪಿರಬಹುದು. ಅದು ಲಾ ನಿನಾ ವರ್ಷ. ಮೂರೇ ವರ್ಷದ ನಂತರ, ಎಲ್ ನಿನೊ ವರ್ಷವಾದ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ನಮ್ಮ ಜಿಲ್ಲೆಯೂ ಅದರಿಂದ ಹೊರತಾಗಿರಲಿಲ್ಲ.

ಎಲ್ ನಿನೊ ಎಂದರೇನು?

ಪೆಸಿಫಿಕ್ ಸಾಗರದ ನಡುವೆ ಸಾಮಾನ್ಯ ವರ್ಷಗಳಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬಿಸಿಲಿಗೆ ಕಾದ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ. ಅಲ್ಲಿ ಮೋಡ ಏಳುತ್ತದೆ, ಮಳೆ ಸುರಿಯುತ್ತದೆ. ಏರಿದ ಗಾಳಿ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪೂರ್ವಕ್ಕೆ ಮರಳಿ ದಕ್ಷಿಣ ಅಮೆರಿಕದ ಪೆರು ದೇಶದ ಕಡೆ ಕೆಳಗಿಳಿಯುತ್ತದೆ. ಪೆರುವಿನ ದಡದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಮೀನು ಸಮೃದ್ಧಿ. ಎರಡರಿಂದ ಏಳು ವರ್ಷಕ್ಕೊಮ್ಮೆ ಈ ಗಾಳಿ ಸಡಿಲಗೊಂಡು ಬಿಸಿನೀರು ಪೂರ್ವಕ್ಕೆ ಜಾರುತ್ತದೆ. ಅದರ ಬೆನ್ನಿಗೆ ಮೋಡದ ರಾಶಿಯೂ ಪೂರ್ವಕ್ಕೆ ಸರಿಯುತ್ತದೆ, ಮೇಲಿನ ಗಾಳಿಯ ಸುತ್ತೂ ಸ್ಥಳ ಬದಲಿಸುತ್ತದೆ. ಆಗ ಗಾಳಿ ಏರಬೇಕಾದ ಭಾರತದ ಆಸುಪಾಸಿನಲ್ಲಿ ಅದು ಇಳಿಯತೊಡಗುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯದು. ನಮ್ಮ ತಲೆಯ ಮೇಲಿನ ಪೂರ್ವ ಗಾಳಿಹೊಳೆಯೂ ಅಂತಹ ವರ್ಷ ಸೊರಗುತ್ತದೆ. ಕ್ರಿಸ್‌ಮಸ್ ಸಮಯಕ್ಕೆ ಈ ಬಿಸಿನೀರು ಕಾಣಿಸುತ್ತಿದ್ದುದರಿಂದ ಪೆರುವಿನ ಮೀನುಗಾರರು ಇದಕ್ಕೆ ಬಾಲಕ ಎಂಬರ್ಥದ ಎಲ್ ನಿನೊ ಎಂಬ ಹೆಸರಿಟ್ಟರು. ಇದರ ವಿರುದ್ಧ ಸ್ಥಿತಿಗೆ ಲಾ ನಿನಾ ಎಂಬ ಹೆಸರು.

ಗಾಳಿ ಸಡಿಲವಾದದ್ದರಿಂದ ನೀರು ಜಾರಿತೋ, ನೀರು ಜಾರಿದ್ದರಿಂದ ಗಾಳಿ ಸಡಿಲವಾಯಿತೋ? ಬೀಜ ಮೊದಲೋ ಮರ ಮೊದಲೋ ಎಂಬಂತಹ ಪ್ರಶ್ನೆ ಇದು. ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ 1969ರಲ್ಲಿ ಕೊಟ್ಟ ಉತ್ತರವೆಂದರೆ ಎರಡೂ ಒಂದನ್ನೊಂದು ನಡೆಸುತ್ತವೆ ಎಂಬುದು. ಆದರೆ ಆ ಉತ್ತರಕ್ಕೆ ಬೇಕಾದ ಅರ್ಧ ಕೆಲಸ ನಡೆದದ್ದು ನಮ್ಮ ದೇಶದಲ್ಲೇ, ಅದೂ ಬರದ ಕಾರಣದಿಂದ. ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ ಎಂದು ಉಳಿದುಬಂದಿರುವ 1876–78ರ ಭೀಕರ ಕ್ಷಾಮದ ಕಾಲದಲ್ಲಿ, 1877ರಲ್ಲಿ, ಪೆಸಿಫಿಕ್‌ನಲ್ಲಿ ಅತಿ ಪ್ರಬಲ ಎಲ್ ನಿನೊ ಇತ್ತೆಂಬುದು ಈಗ ತಿಳಿದಿದೆ. ಆಗ ಯಾರಿಗೂ ತಿಳಿದಿರಲಿಲ್ಲ. 1875ರಲ್ಲಷ್ಟೇ ಸ್ಥಾಪನೆಯಾಗಿದ್ದ ಹವಾಮಾನ ಇಲಾಖೆಗೆ ಮಳೆಯ ಮುನ್ಸೂಚನೆ ಕೊಡುವ ಹೊಣೆ ಬಿತ್ತು. 1904ರಿಂದ 1924ರವರೆಗೆ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಜಗತ್ತಿನ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ಕೂಡಿ ಕಳೆದು ನೋಡಿ, ಪೆಸಿಫಿಕ್‌ನಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ ಎಂದು ಆತ ಕಂಡುಕೊಂಡ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನೆಲ್ಲ ಕೈಯಿಂದ ಮಾಡಿದವರು ಇಲಾಖೆಯ ಭಾರತೀಯ ಗುಮಾಸ್ತರು. ಅವರ ಹೆಸರು ಹೇಳುವವರು ಕಡಿಮೆ.

ಒಂದೇ ಸೂಚನೆ ಸಾಲದು

ಹಾಗಾದರೆ ಎಲ್ ನಿನೊ ಎಂದ ಕೂಡಲೇ ಬರವೆ? ಇತಿಹಾಸ ಬೇರೆಯೇ ಹೇಳುತ್ತದೆ. 1997ರ ಎಲ್ ನಿನೊ 20ನೆಯ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆ ವರ್ಷ ದೇಶದ ಮುಂಗಾರು ಮಳೆ ಸರಾಸರಿಯ 102 ಶೇಕಡಾ. 2002ರದು ಅದಕ್ಕಿಂತ ಎಷ್ಟೋ ದುರ್ಬಲ. ಆದರೂ ಜುಲೈ ತಿಂಗಳ ಮಳೆ ಅರ್ಧಕ್ಕರ್ಧ ಕೈಕೊಟ್ಟು, ಒಟ್ಟು 81 ಶೇಕಡಾಕ್ಕೆ ನಿಂತಿತು. 2009ರಲ್ಲಿ 78 ಶೇಕಡಾ. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಜಲಪ್ರಳಯವಾದದ್ದನ್ನು ಮರೆಯುವಂತಿಲ್ಲ. ದೇಶಕ್ಕೆ ಬರ, ನಮಗೆ ನೆರೆ!

1997ರಲ್ಲಿ ನಮ್ಮನ್ನು ಕಾಪಾಡಿದ್ದರಲ್ಲಿ ಹಿಂದೂ ಮಹಾಸಾಗರದ ಪಾಲು ದೊಡ್ಡದು. ಕೆಲವು ವರ್ಷ ಈ ಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕದ ಕಡೆ, ಬೆಚ್ಚಗಾಗಿ, ಸುಮಾತ್ರಾದ ಕಡೆ ತಂಪಾಗುತ್ತದೆ. ಆಗ ಸಮಭಾಜಕ ವೃತ್ತದ ಉದ್ದಕ್ಕೂ ಗಾಳಿ ದಿಕ್ಕು ಬದಲಿಸಿ ಭಾರತದ ಮುಂಗಾರಿಗೆ ಒತ್ತಾಸೆಯಾಗಿ ನಿಲ್ಲುವುದುಂಟು. ಇದನ್ನು 1999ರಲ್ಲಿ ಗುರುತಿಸಿ ಹೆಸರಿಟ್ಟವರಲ್ಲಿ ಮೂವರು ಭಾರತೀಯರು: ಎನ್.ಎಚ್. ಸಾಜಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿ, ಮುಂದೆ ಅದೇ ಸಂಸ್ಥೆಯ ಪ್ರಾಧ್ಯಾಪಕರಾದ ಪಿ.ಎನ್. ವಿನಯಚಂದ್ರನ್. ಜಪಾನಿನ ಯಮಗಾತಾ ನಾಲ್ಕನೆಯವರು. ಪತ್ರಿಕೆಗಳಲ್ಲಿ ಡೈಪೋಲ್ ಅಥವಾ ದ್ವಿಧ್ರುವ ಎಂದು ಬರುವುದು ಇದೇ. ಡೈಪೋಲ್ ಧನಾತ್ಮಕ ಎಂದು ಓದಿದರೆ ಸಾಮಾನ್ಯವಾಗಿ ಅದು ನಮಗೆ ಅನುಕೂಲದ ಸುದ್ದಿ. 2019ರಲ್ಲಿ ಅದು ಬಹು ಪ್ರಬಲವಾಗಿದ್ದು, ಜೂನ್‌ನಲ್ಲಿ ಸೊರಗಿದ್ದ ಮಳೆ ಮುಂದೆ ಚೇತರಿಸಿಕೊಂಡು ಒಟ್ಟು 110 ಶೇಕಡಾ ಆಯಿತು. 2023ರಲ್ಲಿಯೂ ಅದು ಬಂತು, ಆದರೆ ತಡವಾಗಿ. 1901ರಿಂದ ಈಚಿನ ದಾಖಲೆಯಲ್ಲೇ ಅತಿ ಒಣ ಆಗಸ್ಟ್ ಕಳೆಯುತ್ತಿದ್ದಾಗ ಅದು ಬಲಗೊಂಡಿತು. ಹೆಸರು, ಉದ್ದಿನ ಬೆಳೆಗೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ.

ಇನ್ನೂ ಮೇಲೆ, 20ರಿಂದ 30 ಕಿ.ಮೀ. ಎತ್ತರದಲ್ಲಿ, ವಿಚಿತ್ರವಾದ ಇನ್ನೊಂದು ಗಾಳಿಯಿದೆ. ಸಮಭಾಜಕ ವೃತ್ತದ ಮೇಲೆ ಅದು ಸುಮಾರು ಒಂದು ವರ್ಷ ಪೂರ್ವದಿಂದ, ಇನ್ನೊಂದು ವರ್ಷ ಪಶ್ಚಿಮದಿಂದ, ಸರಾಸರಿ 28 ತಿಂಗಳ ಸುತ್ತಿನಲ್ಲಿ ದಿಕ್ಕು ಬದಲಿಸುತ್ತಲೇ ಇರುತ್ತದೆ. ಡಾ. ವಸಂತ ಗೋವಾರೀಕರ್ ಅವರ ನೇತೃತ್ವದಲ್ಲಿ 1988ರಿಂದ ಬಳಕೆಗೆ ಬಂದ ಹದಿನಾರು ಸೂಚನೆಗಳ ಮುನ್ಸೂಚನಾ ವಿಧಾನದಲ್ಲಿ ಎಲ್ ನಿನೊ, ಹಿಮಾಲಯದ ಹಿಮ ಇವುಗಳ ಜೊತೆಗೆ ಸುಮಾರು 20 ಕಿ.ಮೀ. ಮತ್ತು 30 ಕಿ.ಮೀ. ಎತ್ತರದ ಗಾಳಿಗಳನ್ನೂ ಸೇರಿಸಿದ್ದರು. ಹದಿನಾಲ್ಕು ವರ್ಷ ಆ ವಿಧಾನ ಕೆಲಸ ಕೊಟ್ಟಿತು. 2002ರಲ್ಲಿ ಸಾಮಾನ್ಯ ಮಳೆ ಎಂದು ಹೇಳಿ ಬರ ಬಂದ ಮೇಲೆ ಅದನ್ನು ಬದಲಿಸಿದರು. ಇಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಹವಾಮಾನ ಇಲಾಖೆಗಳಲ್ಲಿ ಸಮುದ್ರ ಮತ್ತು ವಾಯುಮಂಡಲ ಎರಡನ್ನೂ ಕೂಡಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಸಮುದ್ರದಲ್ಲಿ 2,000 ಮೀಟರ್ ಆಳಕ್ಕೆ ಮುಳುಗಿ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಅಂಕಿ ಕಳುಹಿಸುವ ತೇಲುಯಂತ್ರಗಳು ಇದಕ್ಕೆ ನೆರವಾಗುತ್ತವೆ.

ಮೇಲಿನ ಆ ಪದರದ ಪ್ರಭಾವ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ದೂರದ ಒಂದು ಉದಾಹರಣೆ ಸಾಕು. ಉತ್ತರ ಧ್ರುವದ ಮೇಲೆ ಚಳಿಗಾಲದಲ್ಲಿ ಸುತ್ತುವ ಗಾಳಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ಮುರಿದು, ಅಲ್ಲಿನ ಉಷ್ಣಾಂಶ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಏರುತ್ತದೆ. ಅದರ ಪರಿಣಾಮ ಮೆಲ್ಲನೆ ಕೆಳಗಿಳಿದು, ಅಟ್ಲಾಂಟಿಕ್ ಮೇಲಿನ ಗಾಳಿಯನ್ನು ಒಂದೆರಡು ತಿಂಗಳು ಬದಲಿಸುತ್ತದೆ. ಗ್ರೀನ್‌ಲ್ಯಾಂಡಿನ ದಕ್ಷಿಣಕ್ಕೆ ತಣ್ಣನೆಯ ಭಾರವಾದ ನೀರು ಸಮುದ್ರದ ತಳಕ್ಕೆ ಮುಳುಗುವ ಜಾಗವೊಂದಿದೆ. ಅಲ್ಲಿನ ಮುಳುಗುವಿಕೆ ಹೆಚ್ಚುಕಡಿಮೆಯಾದರೆ ಇಡೀ ಅಟ್ಲಾಂಟಿಕ್‌ನ ಆಳದ ಪ್ರವಾಹ ಬದಲಾಗುತ್ತದೆ. 30 ಕಿ.ಮೀ. ಮೇಲಿನ ಗಾಳಿಗೂ ಈ ಆಳದ ನೀರಿಗೂ ನಂಟಿದೆ ಎಂದು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದರು.

ಸಮುದ್ರ ತಾನೂ ಮೊದಲಿನಂತೆ ಉಳಿದಿಲ್ಲ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ನೀರು 1951ರಿಂದ 2015ರ ನಡುವೆ ಸರಾಸರಿ 1 ಡಿಗ್ರಿ ಬಿಸಿಯಾಗಿದೆ, ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು 6 ಶೇಕಡಾ ಇಳಿದಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಒಣ ದಿನಗಳು ಉದ್ದವಾಗುತ್ತಿವೆ, ಬಿದ್ದರೆ ಒಮ್ಮೆಲೇ ಸುರಿಯುತ್ತದೆ. ಹಳೆಯ ಅನುಭವದ ಮೇಲೆ ಮಾತ್ರ ನಂಬಿಕೆಯಿಡುವುದು ಇದರಿಂದ ಕಷ್ಟವಾಗಿದೆ.

ಮಳೆಯ ನಡುವಿನ ಬಿಡುವು

ಒಳ್ಳೆಯ ವರ್ಷದಲ್ಲೂ ಮಳೆ ಒಂದೇ ಸಮನೆ ಬರುವುದಿಲ್ಲ. ಸಮಭಾಜಕ ವೃತ್ತದ ಬಳಿಯ ಬಿಸಿ ಸಮುದ್ರದ ಮೇಲೆ ಮೋಡದ ಪಟ್ಟಿಯೊಂದು ಎದ್ದು ಉತ್ತರಕ್ಕೆ ಸರಿದು ಬರುತ್ತದೆ. ಅದು ನಮ್ಮನ್ನು ದಾಟಿದ ಮೇಲೆ ಮುಂದಿನದು ಬರಲು ಎರಡರಿಂದ ಆರು ವಾರ ಹಿಡಿಯಬಹುದು. ಇದನ್ನು ಡಿ.ಆರ್. ಸಿಕ್ಕಾ ಮತ್ತು ಗಾಡ್ಗೀಳ್ 1980ರಲ್ಲಿ ಉಪಗ್ರಹ ಚಿತ್ರಗಳಿಂದ ತೋರಿಸಿದರು. ಕೆಲವೊಮ್ಮೆ ಮಳೆಯ ಪಟ್ಟಿ ಹಿಮಾಲಯದ ಬುಡಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಆಗ ಬಿಹಾರ, ಅಸ್ಸಾಂಗಳಲ್ಲಿ ನೆರೆ, ನಮ್ಮಲ್ಲಿ ಬಿಸಿಲು. ಉತ್ತರದಲ್ಲಿ ನೆರೆ ಎಂಬ ಸುದ್ದಿ ಕೇಳಿ ಮಳೆ ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಈ ಬಿಡುವಿನಲ್ಲಿ ನಾವು ಹೆಚ್ಚು ಹುಷಾರಾಗಿರಬೇಕಾದ ವಿಷಯ ಎಳೆ ಜೋಳ. ನೀರಿಲ್ಲದೆ ಬಾಡಿ ಗಿಡ್ಡಾಗಿ ನಿಂತ ಜೋಳದಲ್ಲಿ, ಹಾಗೆಯೇ ಕೊಯ್ದ ಕೂಳೆಯಿಂದ ಹೊಸದಾಗಿ ಚಿಗುರಿದ ಜೋಳದಲ್ಲಿ, ಸಯನೈಡ್ ವಿಷದ ಅಂಶ ಹೆಚ್ಚುತ್ತದೆ. ಹಸಿದ ದನ ಅಂತಹ ಹೊಲಕ್ಕೆ ನುಗ್ಗಿದರೆ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು, ತೂರಾಡಿ, ನೆಲಕ್ಕೆ ಬೀಳುತ್ತದೆ. ಕೂಡಲೇ ಪಶುವೈದ್ಯರು ಬಂದು ಸೂಜಿಮದ್ದು ಕೊಟ್ಟರೆ ಉಳಿಸಬಹುದು. ತಡವಾದರೆ ಸಾಧ್ಯವಿಲ್ಲ. ಜೋಳ ಹೂವಾಡುವವರೆಗೆ ಹಸಿಯಾಗಿ ಮೇಯಿಸದಿರುವುದೇ ಕ್ಷೇಮ. ಬರಗಾಲದಲ್ಲಿ ಮೇವು ಕಾಣದ ಕಣ್ಣಿಗೆ ಹಸಿರು ಕಂಡಾಗ ತಡೆದುಕೊಳ್ಳುವುದು ಕಷ್ಟ ಎಂಬುದೂ ನಿಜ.

ಬಣವೆಯ ಲೆಕ್ಕ

ಇನ್ನು ಮೊದಲಿನ ಪ್ರಶ್ನೆಗೆ. ಹವಾಮಾನ ಇಲಾಖೆಯ ಮೊದಲ ಮುನ್ಸೂಚನೆ ಏಪ್ರಿಲ್ ಮಧ್ಯದಲ್ಲಿ, ತಿದ್ದಿದ ಎರಡನೆಯದು ಮೇ ಕೊನೆಯಲ್ಲಿ, ಆಗಸ್ಟ್–ಸೆಪ್ಟೆಂಬರ್ ಕುರಿತಾದದ್ದು ಜುಲೈ ಕೊನೆಯಲ್ಲಿ ಬರುತ್ತದೆ. ಮುಂದಿನ ನಾಲ್ಕು ವಾರಗಳ ಅಂದಾಜು ಪ್ರತಿ ಗುರುವಾರ. ದೇಶಕ್ಕೆ "ಸಾಮಾನ್ಯ" ಎಂದರೆ ಸರಾಸರಿಯ 96ರಿಂದ 104 ಶೇಕಡಾ. ಅದು ನಿಮ್ಮ ತಾಲ್ಲೂಕಿನ ಮಾತಲ್ಲ, ಇಡೀ ದೇಶದ ಮಾತು. ನಮ್ಮ ಕಡೆ ಹಿಂಗಾರಿ ಜೋಳದ ಕಣಕಿ ಕೈಗೆ ಬರುವುದು ಫೆಬ್ರವರಿ–ಮಾರ್ಚ್‌ನಲ್ಲಿ. ವ್ಯಾಪಾರಿ ಬಾಗಿಲಿಗೆ ಬರುವುದೂ ಆಗಲೇ. ಎಂದರೆ ಮೊದಲ ಮುನ್ಸೂಚನೆ ಬರುವ ಮುನ್ನವೇ ಬಣವೆ ಮಾರಾಟವಾಗಿರುತ್ತದೆ. ಆಮೇಲೆ ಮೇ ತಿಂಗಳಲ್ಲಿ ಎಲ್ ನಿನೊ ಎಂಬ ಹೆಸರು ಕೇಳಿ ಗಾಬರಿಯಾಗಿ, ಎಲ್ಲರೂ ಒಟ್ಟಿಗೆ ಸಂತೆಗೆ ಎಮ್ಮೆ ಹೊಡೆದುಕೊಂಡು ಹೋದರೆ ಬೆಲೆ ಸಿಗುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಎಮ್ಮೆ ಮಾರುವ ತೀರ್ಮಾನವನ್ನು ಮೇ ತಿಂಗಳ ಎಲ್ ನಿನೊ ಸುದ್ದಿಯ ಮೇಲೆ ಮಾಡಲೇಬಾರದು. ಜುಲೈ ಕೊನೆಯ ಮುನ್ಸೂಚನೆ, ಡೈಪೋಲ್ ಯಾವ ಕಡೆ ವಾಲಿದೆ ಎಂಬ ಸುದ್ದಿ, ಪುಷ್ಯ ಮಳೆ ನಿಮ್ಮ ಹೊಲದಲ್ಲಿ ಹೇಗಾಯಿತು ಎಂಬುದು, ಈ ಮೂರನ್ನು ಕೂಡಿ ನೋಡುವವರೆಗೆ ಕಾಯಬೇಕು. ಕಾಯಬೇಕಾದರೆ ಮನೆಯಲ್ಲಿ ಕಣಕಿ ಇರಬೇಕು.

ಎಷ್ಟಿರಬೇಕು? ಸುಮಾರು 400 ಕೆ.ಜಿ. ತೂಕದ, ಹಾಲು ಕೊಡುವ ಎಮ್ಮೆಗೆ ಹಸಿ ಮೇವು ಕಡಿಮೆಯಿರುವಾಗ ದಿನಕ್ಕೆ 6 ಕೆ.ಜಿ. ಕಣಕಿ ಎಂದು ಹಿಡಿಯಿರಿ. ಉಳಿದದ್ದನ್ನು ತೊಗರಿ ಹೊಟ್ಟು, ಹಿಂಡಿ, ಪಶು ಆಹಾರ ತುಂಬುತ್ತವೆ. ಒಳ್ಳೆಯ ವರ್ಷ ಜೂನ್ ಮೊದಲಿನಿಂದ ಜುಲೈ ಮಧ್ಯದ ಹೊತ್ತಿಗೆ ಬದುವಿನ ಹುಲ್ಲು ಬರುತ್ತದೆ. 45 ದಿನಕ್ಕೆ 270 ಕೆ.ಜಿ., ಅಂದರೆ ಮೂರು ಕ್ವಿಂಟಲ್ ಇದ್ದರೆ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಸೆಪ್ಟೆಂಬರ್ ಕೊನೆಯವರೆಗೆ 120 ದಿನ ಎಳೆಯಬೇಕು. ಅದಕ್ಕೆ 720 ಕೆ.ಜಿ. ಈ ಎರಡರ ನಡುವಿನ ವ್ಯತ್ಯಾಸ ಎಮ್ಮೆಯೊಂದಕ್ಕೆ ನಾಲ್ಕೂವರೆ ಕ್ವಿಂಟಲ್. ಮಾರ್ಚ್‌ನಲ್ಲಿ ವ್ಯಾಪಾರಿ ಬಂದಾಗ ಮಾರದೆ ಇಟ್ಟುಕೊಳ್ಳಬೇಕಾದ ಪಾಲು ಇಷ್ಟೇ. ಪುಷ್ಯ ಮಳೆ ಚೆನ್ನಾಗಿ ಆಗಿ, ಮುಂದಿನ ಎರಡು ತಿಂಗಳ ಮುನ್ಸೂಚನೆಯೂ ಒಳ್ಳೆಯದಿದ್ದರೆ ಆಗಸ್ಟ್‌ನಲ್ಲಿ ಮಾರಬಹುದು. ಮಳೆ ಅರೆಬರೆಯಾಗಿದ್ದರೆ, ಬಾವಿ ಅಥವಾ ಹೊಳೆಯ ನೀರಿನ ಆಸರೆ ಇರುವವರು ಆಶ್ಲೇಷ ಮಳೆಯ ಹದಕ್ಕೆ ಐದಾರು ಗುಂಟೆಯಲ್ಲಿ ಆಫ್ರಿಕನ್ ಟಾಲ್ ಮೆಕ್ಕೆಜೋಳ ಹಾಕಿದರೆ 60–70 ದಿನಕ್ಕೆ ಹಸಿ ಮೇವು ಕೊಯ್ಲಿಗೆ ಬರುತ್ತದೆ. ಭೀಮಾ ದಂಡೆಯವರು ಬಣವೆಯನ್ನು ಹೊಳೆಯ ಕಡೆ ಒಟ್ಟದೆ, 2020ರಲ್ಲಿ ನೀರು ಬಂದು ನಿಂತಿದ್ದ ಗುರುತಿಗಿಂತ ಮೇಲೆ ಒಟ್ಟಬೇಕು.